ಶ್ರೀಗಿರಿಯ ಕಾಲ್ನಡೆ: ಹೊರಡುವ ಮುನ್ನ

ಫಾಲ್ಗುಣ ಮಾಸವು ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಊರೂರುಗಳಲ್ಲಿ ಮಲ್ಲಯ್ಯನ ಕಂಬಿಗಳು ಮೇಲೇಳುತ್ತವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದಲೂ ಸೊಲ್ಲಾಪುರದ ಸೀಮೆಯಿಂದಲೂ ಭಕ್ತರು ತಂಡತಂಡವಾಗಿ ಹೊರಟು, ಹಲವು ದಿನಗಳ ಪರ್ಯಂತ ಕಾಲ್ನಡೆಯಿಂದ ಸಾಗಿ, ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಸೇರುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದು ಭಾವಿಸಿ, ತವರಿನವರು ಒಯ್ಯುವಂತೆ ಸೀರೆ ಕುಪ್ಪಸಗಳನ್ನು ಹೊತ್ತು ನಡೆಯುವ ಈ ಜನರ ಭಕ್ತಿಯು ಕಣ್ತುಂಬ ನೋಡತಕ್ಕದ್ದು.

ಆದರೆ ಭಕ್ತಿಯ ಹೆಸರಿನಲ್ಲಿ ಅಜಾಗರೂಕತೆಯೂ ಒಮ್ಮೊಮ್ಮೆ ಜೊತೆಗೂಡಿ ನಡೆಯುತ್ತದೆ. ಬಿಸಿಲಿನ ಬೇಗೆಗೆ ದಾರಿಯಲ್ಲಿಯೇ ಕುಸಿದವರು, ಕತ್ತಲಲ್ಲಿ ಹೆದ್ದಾರಿಯ ಮೇಲೆ ನಡೆದು ವಾಹನಕ್ಕೆ ಸಿಕ್ಕವರು, ಔಷಧವನ್ನು ಮನೆಯಲ್ಲಿಯೇ ಬಿಟ್ಟು ಬಂದು ತಂಡವನ್ನೆಲ್ಲ ಸಂಕಟಕ್ಕೆ ಗುರಿಮಾಡಿದವರು ಇಲ್ಲದಿಲ್ಲ. ‘ಮಲ್ಲಯ್ಯನು ನೋಡಿಕೊಳ್ಳುತ್ತಾನೆ’ ಎಂಬ ಮಾತು ಶರಣಾಗತಿಯ ನುಡಿಯೂ ಆಗಬಹುದು, ಆಲಸ್ಯದ ನೆಪವೂ ಆಗಬಹುದು. ಇವೆರಡನ್ನೂ ಬೇರ್ಪಡಿಸಿ ನೋಡುವ ವಿವೇಕವು ಯಾತ್ರೆಗೆ ಹೊರಡುವ ಪ್ರತಿಯೊಬ್ಬ ಗೃಹಸ್ಥನಿಗೂ ಅವಶ್ಯಕವಾದುದು. ಗಿರಿಯನ್ನೇರುವ ಸಿದ್ಧತೆಯನ್ನು ಶರಣರ ಆಚಾರದ ಒಂದು ಅಂಗವನ್ನಾಗಿ ಮಾಡಿಕೊಳ್ಳುವ ಬಗೆ ಯಾವುದೆಂಬುದೇ ಈ ಪಾಠದ ವಿಷಯ.

ಮೊದಲನೆಯ ಪ್ರಶ್ನೆ: ಹೋಗುವುದೇಕೆ?

ಲಿಂಗವಂತನಿಗೆ ಗುರುವು ಕರಸ್ಥಲಕ್ಕೆ ಲಿಂಗವನ್ನು ಕೊಟ್ಟಿದ್ದಾನೆ. ಅದನ್ನು ಬಿಟ್ಟು ಬೇರೊಂದು ಸ್ಥಾವರವನ್ನರಸಿ ನದಿ, ಬೆಟ್ಟಗಳನ್ನು ಅಲೆಯುವುದರಿಂದ ಮುಕ್ತಿಯಿಲ್ಲವೆಂದು ಶರಣರು ಕಟುವಾಗಿಯೇ ಎಚ್ಚರಿಸಿದ್ದಾರೆ. ನೀರಿನಲ್ಲಿ ಮುಳುಗಿದ ಮಾತ್ರಕ್ಕೆ ಮನದ ಕೊಳೆ ಹೋಗದೆಂಬುದೂ ಅವರ ಮತವೇ. ಹಾಗಾದರೆ ಶ್ರೀಶೈಲಕ್ಕೆ ನಡೆಯುವುದು ಅವರ ಮಾತಿಗೆ ವಿರುದ್ಧವಾಗಲಿಲ್ಲವೆ? ಈ ಶಂಕೆಯನ್ನು ಹೊಸಿಲಲ್ಲಿಯೇ ಪರಿಹರಿಸಿಕೊಳ್ಳದೆ ಹೊರಟವನ ಯಾತ್ರೆಯು ಬರಿಯ ಕಾಲಿನ ದಣಿವಾಗುವುದು.

ಇದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಲ್ಯದ ವೃತ್ತಾಂತವೇ ಉತ್ತರವಾಗಿ ನಿಂತಿದೆ. ರಾಘವಾಂಕನು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಹೊಲ ಕಾಯುತ್ತಿದ್ದ ಬಾಲಕನ ಬಳಿಗೆ ಜಂಗಮನೊಬ್ಬನು ಬಂದು ತನ್ನ ಹೆಸರು ಮಲ್ಲಯ್ಯನೆಂದನು. ಹಸಿದ ಆತನಿಗೆ ಊಟ ತರಲೆಂದು ಬಾಲಕನು ಮನೆಗೆ ಓಡಿ ಮರಳುವಷ್ಟರಲ್ಲಿ ಜಂಗಮನು ಅಲ್ಲಿರಲಿಲ್ಲ. ‘ಮಲ್ಲಯ್ಯಾ’ ಎಂದು ಕೂಗುತ್ತ ಹೊರಟ ಮಗು ಶ್ರೀಶೈಲದ ಯಾತ್ರಿಕರ ಜೊತೆ ಸೇರಿತು. ಅಲ್ಲಿ ಗುಡಿಯೊಳಗಿನ ಲಿಂಗವನ್ನು ತೋರಿಸಿದರೆ, ‘ನನ್ನ ಮಲ್ಲಯ್ಯನು ಇವನಲ್ಲ’ ಎಂದು ಬೆಟ್ಟವನ್ನೆಲ್ಲ ಅರಸಿ, ಕಡೆಗೆ ಆಳವಾದ ಕಮರಿಯೊಂದಕ್ಕೆ ಧುಮುಕಲು ಮುಂದಾಯಿತು. ಆಗ ಶಿವನು ಕೈಹಿಡಿದು ಎತ್ತಿದನು. ಆದರೆ ಎತ್ತಿಕೊಂಡು ಬೆಟ್ಟದಲ್ಲಿಯೇ ಇರಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಮರಳು, ಆ ಊರನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡು, ಎಂದು ಕಳುಹಿದನು. ಸಿದ್ಧರಾಮರು ಮರಳಿ ಬಂದು ಕಟ್ಟಿಸಿದ ಕೆರೆಯೂ ಅದರ ನಡುವಣ ಗುಡಿಯೂ ಸೊಲ್ಲಾಪುರದಲ್ಲಿ ಇಂದಿಗೂ ಇವೆ.

ಈ ಕಥೆಯ ತಿರುಳನ್ನು ಗಮನಿಸಬೇಕು. ಗಿರಿಯು ಬಾಲಕನನ್ನು ಕರೆಯಿತು, ಪರೀಕ್ಷಿಸಿತು, ಕೆಲಸವೊಂದನ್ನು ಕೊಟ್ಟು ಮನೆಗೆ ಕಳುಹಿತು. ಯಾತ್ರೆಯ ಫಲವು ಮರಳಿ ಬಂದ ಊರಿನಲ್ಲಿ ಕೆರೆಯ ರೂಪದಿಂದ ಕಾಣಿಸಿಕೊಂಡಿತು. ಮುಂದೆ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಹೊರಗಿನ ಕೆರೆಯನ್ನು ಕಟ್ಟಿದವನು ಒಳಗನ್ನೂ ಅರಿಯಬೇಕೆಂದು ಆತನಿಗೆ ಬೋಧಿಸಿದುದು ಶೂನ್ಯಸಂಪಾದನೆಯಿಂದ ತಿಳಿದ ವಿಷಯ. ಹೀಗೆ ಗಿರಿಯಿಂದ ಕಾಯಕಕ್ಕೆ, ಕಾಯಕದಿಂದ ಅರಿವಿಗೆ ಎಂಬುದೇ ಕ್ರಮ. ಆದಕಾರಣ ಹೊರಡುವ ಮುನ್ನ ಭಕ್ತನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಕ್ಷೇಮವಾಗಿ ಮರಳುವ ಏರ್ಪಾಡು ತನಗಿದೆಯೆ? ಮರಳಿ ಬಂದು ಮಾಡತಕ್ಕ ಕೆಲಸ ಯಾವುದು? ಇವೆರಡಕ್ಕೂ ಉತ್ತರವಿದ್ದವನಿಗೆ ನಡೆಯುವುದು ಶರಣಮಾರ್ಗಕ್ಕೆ ವಿರೋಧವಾಗದು.

ಗಿರಿಯ ಸ್ವರೂಪ

ಏರಬೇಕಾದುದನ್ನು ಮೊದಲು ಅರಿಯಬೇಕು. ಶ್ರೀಶೈಲವು ಪೂರ್ವಘಟ್ಟಗಳಿಗೆ ಸೇರಿದ ನಲ್ಲಮಲ ಬೆಟ್ಟಗಳ ನಡುವೆ, ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿದೆ. ೨೦೨೨ಕ್ಕೆ ಮುಂಚೆ ಇದು ಕರ್ನೂಲು ಜಿಲ್ಲೆಗೆ ಸೇರಿತ್ತು. ಬೆಟ್ಟವು ಗಗನಚುಂಬಿಯೇನಲ್ಲ, ಕ್ಷೇತ್ರದ ಎತ್ತರವು ಸುಮಾರು ೧೫೦೦ ಅಡಿ. ಆದರೆ ಸುತ್ತಲಿನ ಅರಣ್ಯದ ವಿಸ್ತಾರವೂ ಕೃಷ್ಣೆಯು ಕೊರೆದ ಕಣಿವೆಯ ಆಳವೂ ಸೇರಿ ಇದನ್ನು ದುರ್ಗಮವನ್ನಾಗಿಸಿವೆ. ಅಷ್ಟು ಕೆಳಗೆ ಹರಿಯುವುದರಿಂದಲೇ ಕೃಷ್ಣೆಗೆ ಇಲ್ಲಿ ಪಾತಾಳಗಂಗೆಯೆಂಬ ಹೆಸರು. ೧೯೬೩ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟಿನಿಂದ ನದಿಯು ಈಗ ಜಲಾಶಯವಾಗಿ ನಿಂತಿದೆ. ಅಕ್ಕಮಹಾದೇವಿಯ ಹೆಸರಿನ ಗುಹೆಗೂ ಕದಳೀವನಕ್ಕೂ ಹೋಗುವವರು ಈ ನೀರನ್ನು ದೋಣಿಯಲ್ಲಿ ಕ್ರಮಿಸಿ, ಆಮೇಲೆ ನಡೆಯುತ್ತಾರೆ.

ಈ ಕಾಡು ಎಲೆಯುದುರುವ ಜಾತಿಯದು. ತೇಗ, ಮತ್ತಿ, ದಿಂಡಿಗ, ಹೊನ್ನೆ, ಬಿದಿರು ಇಲ್ಲಿಯ ಮುಖ್ಯ ವೃಕ್ಷಗಳು. ಶ್ರಾವಣದಲ್ಲಿ ಹಸಿರಾಗಿ ಕಣ್ಣು ತಣಿಸುವ ಈ ಬನವೇ ಯುಗಾದಿಯ ಹೊತ್ತಿಗೆ ಬೋಳಾಗಿ ನಿಲ್ಲುತ್ತದೆ. ನೆರಳು ವಿರಳ, ಹಳ್ಳಗಳು ಬತ್ತಿರುತ್ತವೆ, ನೆಲವೆಲ್ಲ ಒಣಗಿದ ಎಲೆ ಮತ್ತು ಹುಲ್ಲು. ಬಿಸಿಲು ೪೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುವುದು ಸಾಮಾನ್ಯ. ಮಹಾಶಿವರಾತ್ರಿಗೂ ಯುಗಾದಿಗೂ ನಡುವೆ ಇರುವ ಸುಮಾರು ಒಂದು ತಿಂಗಳಷ್ಟೇ ಅಂತರದಲ್ಲಿ ಈ ತಾಪವು ಬಹಳವಾಗಿ ಹೆಚ್ಚುವುದೆಂಬುದನ್ನು ಯಾತ್ರಿಕನು ಮರೆಯಬಾರದು.

ಕರ್ನೂಲಿನ ಕಡೆಯಿಂದ ಬರುವ ಹಳೆಯ ಕಾಲುದಾರಿಯು ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ಕಾಡನ್ನು ಹೊಗುತ್ತದೆ. ವೀರಭದ್ರನ ಗುಡಿಯಿರುವ ನಾಗಲೂಟಿ, ಆಮೇಲೆ ಪೆಚ್ಚೆರುವು, ಅಲ್ಲಿಂದ ಭೀಮುನಿಕೊಲನು. ಇಲ್ಲಿ ದಾರಿಯು ಕಮರಿಗೆ ಇಳಿದು, ಮತ್ತೆ ಕಡಿದಾದ ಮೆಟ್ಟಿಲುಗಳಿಂದ ಕೈಲಾಸದ್ವಾರಕ್ಕೆ ಏರುತ್ತದೆ. ದ್ವಾರವನ್ನು ದಾಟಿ ಹಾಟಕೇಶ್ವರದ ಮಾರ್ಗವಾಗಿ ಕ್ಷೇತ್ರವನ್ನು ಸೇರಬೇಕು. ಒಟ್ಟು ದೂರವು ಸುಮಾರು ೪೦ ಕಿಲೋಮೀಟರು. ಕಠಿಣವಾದ ಏರು ಕೊನೆಗೆ ಬರುವುದೆಂಬುದೇ ಈ ದಾರಿಯ ವಿಶೇಷ. ಕಾಲಿನಲ್ಲಿ ಬಲವಿರುವಾಗ ಸಮತಟ್ಟು, ಬಲವುಡುಗಿದಾಗ ಮೆಟ್ಟಿಲು.

೧೪ನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಶ್ರೀಶೈಲಕ್ಕೆ ಸೋಪಾನಗಳನ್ನು ಕಟ್ಟಿಸಿದನು. ಅದೇ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠಲಾಂಬೆಯು ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. ಭಕ್ತಿಯೊಂದೇ ಸಾಕಾಗಿದ್ದರೆ ಮೆಟ್ಟಿಲುಗಳ ಅವಶ್ಯಕತೆಯೇ ಇರುತ್ತಿರಲಿಲ್ಲ. ಮುಂದೆ ಬರುವವರ ಪಾದಗಳನ್ನು ನೆನೆದು ಮಾಡಿದ ಸಿದ್ಧತೆಯೂ ಸೇವೆಯೇ ಆಗುತ್ತದೆ.

ಪಂಚಾಚಾರಗಳೇ ಪಂಚಸಿದ್ಧತೆಗಳು

ವೀರಶೈವನಿಗೆ ಸದಾಚಾರ, ಲಿಂಗಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಐದು ಆಚಾರಗಳು ವಿಹಿತವಾಗಿವೆ. ಇವು ಪುಸ್ತಕದಲ್ಲಿ ಓದಿ ಮುಚ್ಚಿಡುವುದಕ್ಕಾಗಿ ಇರುವುವಲ್ಲ. ಗಿರಿಯಾತ್ರೆಯ ಸಿದ್ಧತೆಯನ್ನು ಈ ಐದರ ಮೇಲೆಯೇ ನಿಲ್ಲಿಸಬಹುದು.

೧. ಸದಾಚಾರ. ನ್ಯಾಯವಾದ ಕಾಯಕದಿಂದ ಬಂದುದರಲ್ಲಿ ಬಾಳುವುದು ಸದಾಚಾರ. ಯಾತ್ರೆಯ ವೆಚ್ಚವನ್ನು ಸಾಲದಿಂದ ಮಾಡುವುದು ಸಲ್ಲದು. ಬಡ್ಡಿಯ ಹಣದಿಂದ ಬೆಟ್ಟವನ್ನೇರಿದವನು ಬೆಟ್ಟಕ್ಕಿಂತ ಭಾರವಾದುದನ್ನು ಹೊತ್ತು ಇಳಿಯುತ್ತಾನೆ. ಹೊರಡುವುದಕ್ಕೆ ಮುಂಚೆ ಹೊಲದ ಕೆಲಸ, ಅಂಗಡಿಯ ಲೆಕ್ಕ, ದನಕರುಗಳ ಮೇವು ನೀರು, ಮಕ್ಕಳ ಪರೀಕ್ಷೆ ಇವುಗಳಿಗೆಲ್ಲ ಹೊಣೆಗಾರರನ್ನು ಗೊತ್ತುಮಾಡಬೇಕು. ಯಾವ ದಿನ ಯಾವ ಊರಿನಲ್ಲಿ ತಂಗುವುದೆಂಬ ಪಟ್ಟಿಯೊಂದು ಮನೆಯವರ ಕೈಯಲ್ಲಿರಬೇಕು.

ಹೊರೆಯ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನೇ ಗುರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತನು ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳು. ಗಂಟು ಕಟ್ಟುವ ರಾತ್ರಿ ಈ ಕಥೆಯನ್ನು ನೆನೆಯಬೇಕು. ಎರಡು ಜೊತೆ ಹತ್ತಿಯ ಬಟ್ಟೆ, ಹೊದಿಕೆಯೊಂದು, ನೀರಿನ ಪಾತ್ರೆ, ಕೈದೀಪ, ಔಷಧ, ಪೂಜೆಯ ಸಾಮಗ್ರಿ, ಎರಡು ಹೊತ್ತಿಗೆ ಕೆಡದ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹುರಿದ ಕಡಲೆ, ಬೆಲ್ಲ ಇವುಗಳಿಗಿಂತ ಒಳ್ಳೆಯ ಬುತ್ತಿ ಬೇಡ. ನೀರನ್ನು ಬಿಟ್ಟು ಉಳಿದ ಹೊರೆಯು ಐದಾರು ಕಿಲೋಗ್ರಾಮುಗಳನ್ನು ಮೀರದಿರಲಿ. ‘ಇರಲಿ’ ಎಂದು ಇಟ್ಟುಕೊಂಡ ಪ್ರತಿಯೊಂದು ವಸ್ತುವೂ ಕೊನೆಯ ಮೆಟ್ಟಿಲುಗಳ ಮೇಲೆ ಲೆಕ್ಕ ಕೇಳುತ್ತದೆ.

೨. ಲಿಂಗಾಚಾರ. ಇಷ್ಟಲಿಂಗವೇ ಪರದೈವವೆಂದು ನಂಬಿ ನಡೆಯುವುದು ಲಿಂಗಾಚಾರ. ಲಿಂಗವನ್ನು ಧರಿಸಿದ ಶರೀರವು ಲಿಂಗದ ಪೀಠ. ಅದನ್ನು ವ್ಯರ್ಥವಾಗಿ ಕೆಡಿಸುವುದು ಪೂಜೆಯಾಗಲಾರದು. ದಾರಿಯಲ್ಲಿ ಪೂಜೆಯನ್ನು ಬಿಡಬೇಕಾಗಿಲ್ಲ. ಬೆಳಗಿನ ಜಾವ ಹೊರಡುವ ಮುನ್ನ ಅಂಗೈಯಷ್ಟು ನೀರು, ಭಸ್ಮ, ಒಂದು ಪತ್ರೆ ಸಾಕು. ನೀರು ಅಮೂಲ್ಯವಾದ ಕಾಡಿನಲ್ಲಿ ಕೊಡಗಟ್ಟಲೆ ಅಭಿಷೇಕವನ್ನು ಯಾವ ಶರಣನೂ ಬಯಸನು.

ಶರೀರದ ಸಿದ್ಧತೆಯನ್ನು ಆರು ವಾರಗಳ ಮುಂಚಿತವಾಗಿ ಆರಂಭಿಸಬೇಕು. ಮೊದಲ ವಾರ ದಿನಕ್ಕೆ ಒಂದು ಗಂಟೆ ನಡೆದು, ಕ್ರಮೇಣ ಮೂರು ಗಂಟೆಗೆ ಏರಿಸಬೇಕು. ಕಡೆಯ ಎರಡು ವಾರಗಳಲ್ಲಿ ಹೊತ್ತೊಯ್ಯುವ ಗಂಟನ್ನೇ ಹೆಗಲಿಗೇರಿಸಿಕೊಂಡು ನಡೆದು ನೋಡಬೇಕು. ಸಮೀಪದಲ್ಲಿ ಗುಡ್ಡವಿದ್ದರೆ ಏರಿ ಇಳಿಯುವುದು ಉತ್ತಮ. ಪಾದರಕ್ಷೆಗಳು ಹೊಸವಾಗಿರಬಾರದು, ತಿಂಗಳ ಕಾಲ ಮೆಟ್ಟಿ ಕಾಲಿಗೆ ಒಗ್ಗಿದವು ಇರಬೇಕು. ಬರಿಗಾಲಿನ ಹರಕೆ ಹೊತ್ತವರು ಕಾದ ಡಾಂಬರು ರಸ್ತೆಯ ಮೇಲೆ ನಡುಹಗಲಲ್ಲಿ ನಡೆಯಬಾರದು. ಸಕ್ಕರೆ ಕಾಯಿಲೆಯವರಿಗಂತೂ ಬರಿಗಾಲಿನ ನಡೆ ಸರ್ವಥಾ ಬೇಡ. ಅಂಥವರ ಪಾದಕ್ಕೆ ಗಾಯವಾದುದು ತಿಳಿಯುವುದೂ ಇಲ್ಲ, ಬೇಗನೆ ಮಾಯುವುದೂ ಇಲ್ಲ.

ಬಿಸಿಲಿನಲ್ಲಿ ನಡೆಯುವವನಿಗೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ನೀರು ಬೇಕಾಗುತ್ತದೆ. ಬಾಯಾರುವವರೆಗೆ ಕಾಯದೆ ಆಗಾಗ್ಗೆ ಕುಡಿಯಬೇಕು. ಉತ್ಸವದ ದಿನಗಳಲ್ಲಿ ದಾರಿಯಲ್ಲಿ ನೀರಿನ ವ್ಯವಸ್ಥೆಯಿದ್ದರೂ ಮುಂದಿನ ತಾಣದವರೆಗೆ ಸಾಲುವಷ್ಟು ನೀರು ಪ್ರತಿಯೊಬ್ಬನ ಬಳಿಯಲ್ಲಿಯೂ ಇರಲಿ. ಬೆವರಿನೊಡನೆ ಲವಣವೂ ಹೋಗುವುದರಿಂದ ಬರಿಯ ನೀರು ಸಾಲದು. ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ೬ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಉತ್ತಮ ಪಾನಕವಾಗುತ್ತದೆ. ಉಪ್ಪು ಬೆರೆತ ಮಜ್ಜಿಗೆಯೂ ಒಳ್ಳೆಯದೇ. ಬೆಳಕು ಹರಿಯುತ್ತಲೇ ಹೊರಟು, ಹನ್ನೊಂದರ ಹೊತ್ತಿಗೆ ನೆರಳು ಸೇರಿ, ಮೂರೂವರೆಯ ಮೇಲೆ ಮತ್ತೆ ನಡೆಯಬೇಕು. ನಡೆಯುತ್ತಿದ್ದವನ ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ವರ್ತಿಸಿದರೆ, ಮೈ ಕಾದ ಹಂಚಿನಂತಾದರೆ ಅದು ಉಷ್ಣಾಘಾತದ ಲಕ್ಷಣ. ಆ ಕ್ಷಣವೇ ನೆರಳಿಗೆ ಒಯ್ದು, ಮೈಗೆ ನೀರು ಸುರಿದು, ಗಾಳಿ ಬೀಸುತ್ತ ವೈದ್ಯರನ್ನು ಕರೆಸಬೇಕು. ಇದನ್ನು ಭಕ್ತಿಯ ಆವೇಶವೆಂದು ಭ್ರಮಿಸಿ ಸುಮ್ಮನೆ ಕೂರುವುದು ಪ್ರಾಣಕ್ಕೆ ಮುಳುವಾದೀತು.

೩. ಶಿವಾಚಾರ. ಶಿವಭಕ್ತರಲ್ಲಿ ಮೇಲು ಕೀಳನ್ನೆಣಿಸದೆ ಸಮನಾಗಿ ಕಾಣುವುದು ಶಿವಾಚಾರ. ತಂಡವನ್ನು ಕಟ್ಟುವಾಗಲೇ ಇದರ ಪರೀಕ್ಷೆ. ಹತ್ತು ಹನ್ನೆರಡು ಜನರ ತಂಡವು ಅನುಕೂಲ. ಅದಕ್ಕಿಂತ ದೊಡ್ಡದಾದರೆ ಒಬ್ಬರ ಮುಖ ಒಬ್ಬರಿಗೆ ತಿಳಿಯದು. ಹಣವಿದ್ದವನಿಗೊಂದು ಊಟ, ಕೂಲಿಯವನಿಗೊಂದು ಊಟವಾಗಬಾರದು. ಹೆಂಗಸರು ಬರುವುದಾದರೆ ಅವರ ತಂಗುವಿಕೆ, ಸ್ನಾನ, ಶೌಚಗಳ ಅನುಕೂಲವನ್ನು ಗಂಡಸರು ದಾರಿಯಲ್ಲಿ ನೆನೆಸಿಕೊಳ್ಳದೆ ಊರಿನಲ್ಲಿಯೇ ಅವರನ್ನು ಕೇಳಿ ಏರ್ಪಡಿಸಬೇಕು. ಪಾದಚಾರಿಗಳಿಗೆ ದಾರಿಯ ಊರುಗಳ ಜನರು ಅನ್ನದಾಸೋಹವನ್ನು ನಡೆಸುತ್ತಾರೆ. ನೀಡಿದುದನ್ನು ಪ್ರಸಾದವೆಂದು ಸ್ವೀಕರಿಸಿ, ಎಲೆಯಲ್ಲಿ ಬಿಡದೆ ಉಂಡು, ಉಂಡ ಜಾಗವನ್ನು ಹಸನುಮಾಡಿ ಏಳುವುದು ಅತಿಥಿಯ ಧರ್ಮ.

ಈ ಸಮಭಾವವು ಕಾಡಿನ ಜನರಿಗೂ ಸಲ್ಲಬೇಕು. ನಲ್ಲಮಲದ ಆದಿನಿವಾಸಿಗಳಾದ ಚೆಂಚು ಜನರು ಮಲ್ಲಿಕಾರ್ಜುನನನ್ನು ಚೆಂಚು ಮಲ್ಲಯ್ಯನೆಂದು ಕರೆಯುತ್ತಾರೆ. ಬೇಟೆಗೆ ಬಂದ ಶಿವನು ತಮ್ಮ ಕುಲದ ಕನ್ಯೆಯನ್ನು ವರಿಸಿದನೆಂದೂ ಆದ್ದರಿಂದ ಆತನು ತಮ್ಮ ಅಳಿಯನೆಂದೂ ಅವರ ನಂಬಿಕೆ. ಕನ್ನಡಿಗರು ಭ್ರಮರಾಂಬೆಯನ್ನು ಮಗಳೆನ್ನುತ್ತಾರೆ. ಚೆಂಚುಗಳು ಮಲ್ಲಯ್ಯನನ್ನು ಅಳಿಯನೆನ್ನುತ್ತಾರೆ. ಹಾಗಾದರೆ ಇವೆರಡೂ ಒಬ್ಬನೇ ಅಳಿಯನುಳ್ಳ ಎರಡು ಮನೆತನಗಳಾದವು. ನಂಟರ ಹಿತ್ತಿಲನ್ನು ಹಾಯ್ದು ಹೋಗುವವನು ಎಷ್ಟು ಮರ್ಯಾದೆಯಿಂದ ಹೆಜ್ಜೆಯಿಡುವನೋ ಅಷ್ಟೇ ಮರ್ಯಾದೆಯಿಂದ ಚೆಂಚುಗಳ ಗೂಡೆಂಗಳನ್ನು ದಾಟಬೇಕು. ಅವರ ನೀರಿನ ತಾಣವನ್ನು ಕೆಡಿಸಬಾರದು, ಅವರನ್ನು ನೋಟಕ್ಕಿಟ್ಟ ವಸ್ತುಗಳಂತೆ ಕಾಣಬಾರದು.

೪. ಗಣಾಚಾರ. ಶಿವನಿಂದೆಯನ್ನೂ ಅನ್ಯಾಯವನ್ನೂ ಸಹಿಸದಿರುವುದು ಗಣಾಚಾರ. ಇದನ್ನು ಬರಿಯ ಜಗಳಗಂಟತನವೆಂದು ತಿಳಿದವರುಂಟು. ತನ್ನ ತಂಡದವನೇ ತಪ್ಪುಮಾಡಿದಾಗ ತಡೆಯುವುದು ಗಣಾಚಾರದ ನಿಜವಾದ ಪರೀಕ್ಷೆ. ಈ ಅರಣ್ಯವು ೧೯೭೮ರಲ್ಲಿ ಅಭಯಾರಣ್ಯವಾಯಿತು, ೧೯೮೩ರಲ್ಲಿ ಹುಲಿ ಯೋಜನೆಗೆ ಸೇರಿತು. ೨೦೧೪ರಲ್ಲಿ ರಾಜ್ಯವು ವಿಭಜನೆಯಾದ ಮೇಲೆ ಕೃಷ್ಣೆಯ ಆಚೆಯ ಭಾಗವು ತೆಲಂಗಾಣದ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಹುಲಿ, ಚಿರತೆ, ಕರಡಿಗಳ ಈ ನೆಲೆಯಲ್ಲಿ ಕಾಲುದಾರಿಯನ್ನು ಉತ್ಸವದ ಗೊತ್ತಾದ ದಿನಗಳಲ್ಲಿ ಮಾತ್ರ ಯಾತ್ರಿಕರಿಗೆ ತೆರೆಯುತ್ತಾರೆ. ಆ ವರ್ಷದ ದಿನಗಳನ್ನು ದೇವಸ್ಥಾನದಿಂದಲೂ ಅರಣ್ಯ ಇಲಾಖೆಯಿಂದಲೂ ವಿಚಾರಿಸಿ ತಿಳಿದುಕೊಂಡೇ ಹೊರಡಬೇಕು. ಹೋದ ವರ್ಷದ ನೆನಪನ್ನು ನಂಬಬಾರದು. ಘಟ್ಟದ ರಸ್ತೆಯಲ್ಲಿ ರಾತ್ರಿಯ ಹೊತ್ತು ವಾಹನಗಳನ್ನು ತಡೆಯುವುದರಿಂದ ಮರಳುವ ಬಸ್ಸಿನ ವೇಳೆಯನ್ನೂ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.

ಒಣಗಿದ ಕಾಡಿಗೆ ಬೆಂಕಿಯೇ ಪರಮಶತ್ರು. ಆರದ ಬೀಡಿಯ ತುಂಡು, ಮರದ ಬುಡಕ್ಕೆ ಚುಚ್ಚಿದ ಊದುಬತ್ತಿ, ಅಡಿಗೆಯ ಒಲೆಯ ಕೆಂಡ, ಇವುಗಳಲ್ಲಿ ಯಾವುದಾದರೊಂದು ಸಾಕು. ಎಲೆಗಳು ಹೊತ್ತಿದವೆಂದರೆ ಹಿಂದೆ ಬರುವ ಸಾವಿರಾರು ಜನರ ದಾರಿಯೂ ಮೂಕಪ್ರಾಣಿಗಳ ಮನೆಯೂ ಉರಿಯುವುವು. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಒಯ್ಯದಿರುವುದು ಲೇಸು. ಒಯ್ದರೆ ಅಷ್ಟನ್ನೂ ಎಣಿಸಿ ಮರಳಿ ತರಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿಸಿಕೊಂಡವನನ್ನು ನಡೆಸದೆ, ಅಂಗವನ್ನು ಅಲುಗಿಸದೆ, ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಬೇಕು. ಕಾಡನ್ನು ಸೇರುವ ಮುಂಚಿನ ಹೆದ್ದಾರಿಯಲ್ಲಿ ಕತ್ತಲಿರುವಾಗ ನಡೆಯಬೇಕಾಗಿ ಬಂದರೆ ಎದುರಿನ ವಾಹನಗಳು ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ, ಬಿಳಿಯ ಬಟ್ಟೆಯುಟ್ಟು, ಮುಂದೊಬ್ಬರು ಹಿಂದೊಬ್ಬರು ದೀಪ ಹಿಡಿದು ನಡೆಯತಕ್ಕದ್ದು.

೫. ಭೃತ್ಯಾಚಾರ. ತಾನು ಶರಣರ ಸೇವಕನೆಂಬ ವಿನಯವೇ ಭೃತ್ಯಾಚಾರ. ತಂಡದ ಹಿರಿಯನು ಕಂಬಿಯೊಡನೆ ಮುಂದೆ ನಡೆಯುವುದು ವಾಡಿಕೆ. ಕಾಡಿನ ದಾರಿಯಲ್ಲಿ ಆತನು ಎಲ್ಲರಿಗಿಂತ ಹಿಂದೆ ನಡೆಯುವುದು ಉಚಿತ. ಕುಂಟುವವರು, ಬಳಲಿದವರು, ನಾಚಿಕೆಯಿಂದ ಹೇಳಲಾರದವರು ಸೇರುವುದು ಹಿಂದೆಯೇ. ತಂಡದ ವೇಗವನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಗೊತ್ತುಮಾಡಬೇಕು. ಒಬ್ಬನಿಗೆ ಮುಂದೆ ಸಾಗಲಾಗದಿದ್ದರೆ ಇಬ್ಬರು ಅವನೊಡನೆ ಹಿಂದಿರುಗತಕ್ಕದ್ದೆಂದು ಮೊದಲೇ ನಿರ್ಣಯವಾಗಿರಬೇಕು. ಆ ಇಬ್ಬರ ಹೆಸರೂ ಗೊತ್ತಾಗಿರಬೇಕು. ಹಿಂದಿರುಗಿದವರಿಗೆ ದರ್ಶನದ ಫಲವು ತಪ್ಪಿತೆಂದು ಯಾರಾದರೂ ಮರುಗಿದರೆ, ಜಂಗಮಸೇವೆಗಿಂತ ಮಿಗಿಲಾದ ದರ್ಶನ ಯಾವುದೆಂದು ಆ ಹಿರಿಯನು ಕೇಳಬಹುದು.

ಮನೆಯ ಹಿರಿಯರ ಹರಕೆ

ಈ ಐದನ್ನೂ ಬಲ್ಲವನಿಗೂ ಮನೆಯೊಳಗೆ ಒಂದು ಕಷ್ಟವು ಎದುರಾಗುವುದುಂಟು. ಎಪ್ಪತ್ತನ್ನು ದಾಟಿದ ತಾಯಿ, ರಕ್ತದೊತ್ತಡದವಳು, ಮಗನ ಕಾಯಿಲೆ ವಾಸಿಯಾದರೆ ನಡೆದೇ ಬರುವೆನೆಂದು ಮಲ್ಲಯ್ಯನಿಗೆ ಹರಕೆ ಹೊತ್ತಿರುತ್ತಾಳೆ. ‘ಯವ್ವಾ, ನಿನಗಾಗೂದಿಲ್ಲ’ ಎಂದರೆ ಅವಳ ಮನಸ್ಸು ಮುರಿಯುತ್ತದೆ. ‘ಆಗಲಿ’ ಎಂದರೆ ಅವಳ ಪ್ರಾಣಕ್ಕೆ ಅಪಾಯ. ಮಗನು ಇಲ್ಲಿ ಏನು ಮಾಡತಕ್ಕದ್ದು?

ಮೊದಲು ವೈದ್ಯರ ಅಭಿಪ್ರಾಯವನ್ನು ಪಡೆಯಬೇಕು, ತಾಯಿಯೂ ಅದನ್ನು ನೇರವಾಗಿ ಕೇಳಬೇಕು. ಆಮೇಲೆ ಹರಕೆಯ ಅರ್ಥವನ್ನು ಅವಳೊಡನೆ ಕುಳಿತು ವಿಚಾರಿಸಬೇಕು. ಹರಕೆಯು ಕೃತಜ್ಞತೆಯ ಮಾತು. ಸಾಲಗಾರನ ಪತ್ರದಂತೆ ಅಕ್ಷರಕ್ಷರವಾಗಿ ವಸೂಲು ಮಾಡುವ ದೈವವನ್ನು ಶರಣರು ಒಪ್ಪಲಿಲ್ಲ. ಮಗನ ಉಳಿವಿಗಾಗಿ ಹೊತ್ತ ಹರಕೆಯನ್ನು ತೀರಿಸಲು ಹೋಗಿ ತಾಯಿಯು ಅಳಿದರೆ, ಉಳಿದ ಮಗನು ಬಾಳಿನುದ್ದಕ್ಕೂ ಹೊರುವ ದುಃಖವು ಯಾರಿಗೆ ಪ್ರೀತಿ?

ಇದಕ್ಕೊಂದು ಮಾರ್ಗವುಂಟು. ತಂಡವು ಕಾಡಿನ ದಾರಿಯಿಂದ ಬರುತ್ತಿರಲಿ. ತಾಯಿಯು ಮನೆಯ ಒಬ್ಬರೊಡನೆ ವಾಹನದಲ್ಲಿ ಬಂದು ಕೈಲಾಸದ್ವಾರದಲ್ಲಿ ಕಾದಿರಲಿ. ಅಲ್ಲಿಯವರೆಗೆ ಮೋಟಾರು ದಾರಿಯಿದೆ. ಮೆಟ್ಟಿಲೇರಿ ಬಂದ ಮಗನಿಗೆ ಅವಳೇ ನೀರು ಕೊಡಲಿ. ಅಲ್ಲಿಂದ ಮುಂದೆ ಕ್ಷೇತ್ರದವರೆಗಿನ ದಾರಿಯಲ್ಲಿ, ಇಳಿಬಿಸಿಲಿನ ವೇಳೆಯಲ್ಲಿ, ಆದಷ್ಟು ದೂರವನ್ನು ಮಗನ ಕೈಹಿಡಿದು ಅವಳೂ ನಡೆಯಲಿ. ನಡೆದೇ ಬರುವೆನೆಂದ ಮಾತೂ ಉಳಿಯಿತು, ತಾಯಿಯೂ ಉಳಿದಳು. ಇಂಥ ಏರ್ಪಾಡಿಗೆ ಮುಂಚಿತವಾದ ಯೋಚನೆ ಬೇಕು. ಹೊರಡುವ ದಿನ ಹೊಸಿಲಲ್ಲಿ ನಿಂತು ವಾದಿಸಿದರೆ ಆಗದು.

ಅಕ್ಕನು ಸಿದ್ಧತೆ ಮಾಡಿಕೊಂಡಿದ್ದಳೆ?

ಇಷ್ಟನ್ನು ಕೇಳಿದ ಮೇಲೆ ಯಾರಾದರೂ ಹೀಗೆನ್ನಬಹುದು: ಉಡುತಡಿಯ ಅಕ್ಕಮಹಾದೇವಿಯು ಅರಮನೆಯನ್ನು ತೊರೆದು, ಕಲ್ಯಾಣವನ್ನು ಕಂಡು, ಏಕಾಕಿಯಾಗಿ ಇದೇ ಗಿರಿಗೆ ನಡೆದಳಲ್ಲವೆ? ಅವಳ ಕೈಯಲ್ಲಿ ಬುತ್ತಿಯಿತ್ತೆ, ಪಟ್ಟಿಯಿತ್ತೆ?

ಪ್ರಶ್ನೆ ಯೋಗ್ಯವಾದುದೇ. ಅಕ್ಕನ ಸಿದ್ಧತೆಯು ಹೊರಗೆ ಕಾಣುವಂಥದಲ್ಲ. ಅರಮನೆಯ ಸುಖವನ್ನೂ ಲೋಕದ ನಿಂದೆಯನ್ನೂ ಸಮನಾಗಿ ಕಂಡು, ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಕಠಿಣ ಪರೀಕ್ಷೆಯನ್ನು ಎದುರಿಸಿ ಅವಳು ಹೊರಟಳು. ಮರಳಿ ಬರುವ ಮನೆಯೆಂಬುದೇ ಅವಳಿಗಿರಲಿಲ್ಲ. ಗೃಹಸ್ಥನ ಸ್ಥಿತಿ ಬೇರೆ. ಅವನ ಪ್ರಾಣದ ಮೇಲೆ ಮಕ್ಕಳ ಅನ್ನವೂ ವೃದ್ಧರ ಔಷಧವೂ ನಿಂತಿವೆ. ಅಕ್ಕನ ವೈರಾಗ್ಯವಿಲ್ಲದೆ ಅಕ್ಕನ ನಿರ್ಲಕ್ಷ್ಯವನ್ನು ಮಾತ್ರ ಅನುಕರಿಸುವವನು ಅವಳ ದಾರಿಯಲ್ಲಿ ನಡೆಯುತ್ತಿಲ್ಲ. ತನ್ನ ಸ್ಥಲವನ್ನರಿತು, ಆ ಸ್ಥಲಕ್ಕೆ ತಕ್ಕ ಆಚಾರದಲ್ಲಿ ನಡೆಯುವುದೇ ಷಟ್‌ಸ್ಥಲ ಮಾರ್ಗದ ಮೊದಲ ಮೆಟ್ಟಿಲು.

ಮರಳುವಿಕೆ

ಕ್ಷೇತ್ರದಲ್ಲಿ ಯುಗಾದಿಯ ಸಂಭ್ರಮವು ಮುಗಿದು ಜನವು ಚದುರುವಾಗ ಎಚ್ಚರವು ಸಡಿಲವಾಗುತ್ತದೆ. ದಣಿದ ಮೈಯಿಂದ ಕಿಕ್ಕಿರಿದ ವಾಹನವನ್ನು ಹತ್ತುವುದು, ನಿದ್ರೆಗೆಟ್ಟ ಚಾಲಕನನ್ನು ನಂಬುವುದು, ಇವು ಕಾಡಿಗಿಂತಲೂ ಅಪಾಯಕರ. ಒಂದು ದಿನ ತಂಗಿ, ಉಂಡು, ಮಲಗಿ ಹೊರಡುವಂತೆ ಮೊದಲೇ ದಿನಗಳನ್ನು ಲೆಕ್ಕ ಹಾಕಿರಬೇಕು.

ಮನೆಗೆ ಬಂದು ಕಾಲು ತೊಳೆದ ಮೇಲೆಯೂ ಯಾತ್ರೆ ಮುಗಿಯಲಿಲ್ಲ. ಸಿದ್ಧರಾಮರನ್ನು ಗಿರಿಯಿಂದ ಕಳುಹಿದ ಮಾತು ಪ್ರತಿಯೊಬ್ಬ ಯಾತ್ರಿಕನಿಗೂ ಸಲ್ಲುವುದು. ಊರ ಕೆರೆಯಲ್ಲಿ ಹೂಳು ತುಂಬಿದೆಯೆ? ಬೇಸಿಗೆಯಲ್ಲಿ ಹಾದುಹೋಗುವ ಪಾದಚಾರಿಗಳಿಗೆ ಒಂದು ಅರವಟ್ಟಿಗೆಯುಂಟೆ? ಓಣಿಯ ಒಂಟಿ ಮುದುಕಿಗೆ ಔಷಧವನ್ನು ತಂದುಕೊಡುವವರು ಇದ್ದಾರೆಯೆ? ಬಾಯಾರಿಕೆಯೆಂದರೇನೆಂಬುದನ್ನು ನಲ್ಲಮಲದ ಬಿಸಿಲಲ್ಲಿ ಅರಿತವನಿಗೆ ಇನ್ನೊಬ್ಬರ ಬಾಯಾರಿಕೆಯು ಕಾಣದೆ ಇರದು. ಹೊರಡುವ ಮುನ್ನ ಇವುಗಳಲ್ಲಿ ಒಂದನ್ನಾದರೂ ಸಂಕಲ್ಪಿಸಿ, ಮರಳಿದ ಮೇಲೆ ಅದನ್ನು ನೆರವೇರಿಸಿದ ಭಕ್ತನು ಮಲ್ಲಯ್ಯನ ಗಿರಿಯನ್ನು ತನ್ನ ಊರಿಗೇ ತಂದವನಾಗುತ್ತಾನೆ.